ಮುಡಿ ಇಳಿಸಿದ ಮೇಲೆ

ಸೆಪ್ಟೆಂಬರ್ 14

ಸಹಕಾರಿ ಸಂಘದವರು ಪುಕ್ಕಟೆ ಹಂಚಿದ ಡೈರಿ. ಎಂಟು ತಿಂಗಳ ಹಾಳೆ ಖಾಲಿ ಬಿದ್ದಿದೆ. ಔತಕುಟ್ಟಿ ಅನ್ನುವ ಆ ಮುದುಕ ಇದನ್ನು ನನ್ನ ಕೈಗೆ ತುರುಕಿ, "ದಿನಕ್ಕೆ ಒಂದು ಗೆರೆಯಾದ್ರೂ ಬರಿ ಮಾರಾಯ. ಮೊದಲು ನೀನು ಯಾರು ಅಂತ ಬರಿ. ಯಾರೂ ಓದುವುದಿಲ್ಲ, ಹಾಗಾಗಿ ಸುಳ್ಳು ಬರೆದು ಪ್ರಯೋಜನ ಇಲ್ಲ" ಅಂದ. ರಬ್ಬರ್ ಮರ ಕೊರೆಯುವವನಿಗೆ ಇಷ್ಟೊಂದು ತತ್ವ ಯಾಕೋ.

ಬರೆಯುತ್ತೇನೆ. ರಾಜೀವನ್, ವಯಸ್ಸು ನಲವತ್ತಮೂರು. ವರ್ಷದ ಅರ್ಧ ಗೋಡೆಗೆ ಬಣ್ಣ ಬಳಿಯುತ್ತೇನೆ, ಇನ್ನರ್ಧ ನನ್ನ ಮುಖಕ್ಕೆ. ನಮ್ಮದು ಮುತ್ತಪ್ಪ ದೇವರ ವೇಷ ತೊಟ್ಟು ಕೋಲ ಕಟ್ಟುವ ಮನೆ. ಇವತ್ತು ಕುಡಿಯದೆ ನಾಲ್ಕನೇ ದಿನ. ಕೈ ನಡುಗುತ್ತಿದೆ, ಅಕ್ಷರ ನೋಡಿದರೆ ತಿಳಿಯುತ್ತದೆ.

ಏಪ್ರಿಲ್‌ನಲ್ಲಿ ಕುನ್ನುಂಪುರದ ಮಡಪ್ಪುರದಲ್ಲಿ, ಅಂದರೆ ಮುತ್ತಪ್ಪನ ಗುಡಿಯಲ್ಲಿ, ಕಷ್ಟ ಹೇಳಿಕೊಳ್ಳಲು ಬಂದ ಅಜ್ಜಿಯೊಬ್ಬಳ ಕೈ ಹಿಡಿದುಕೊಂಡೇ ದೇವರು ಅಂಗಾತ ಬಿದ್ದ. ಆ ದೇವರು ನಾನೇ. ದೇವರ ಕಿರೀಟವಾದ ಮುಡಿ ಉರುಳಿಕೊಂಡು ಚರಂಡಿಯವರೆಗೆ ಹೋಯಿತು. ಊರಿನವರೆಲ್ಲ ಫೋನ್ ಎತ್ತಿ ಹಿಡಿದರು. ಹೆಂಡತಿ ಷೀಜ ಮಾತ್ರ ಓಡಿ ಬಂದು ನನ್ನ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವತ್ತಿನಿಂದ ಅವಳು ನನ್ನೊಡನೆ ನೇರ ಮಾತಾಡಿಲ್ಲ. ನಡುವೆ ಮಗಳು ಶಿಖ ಇದ್ದಾಳೆ. "ನಿನ್ನ ಅಪ್ಪನಿಗೆ ಊಟಕ್ಕೆ ಬರ್ಲಿಕ್ಕೆ ಹೇಳು" ಅನ್ನುತ್ತಾಳೆ ಷೀಜ. ಅಪ್ಪ ಎರಡು ಮೊಳ ದೂರದಲ್ಲೇ ಕೂತಿರುತ್ತಾನೆ.

ಸೋದರಮಾವ ಅಂಬು ಪೆರುವಣ್ಣಾನ್‌ಗೆ ಎಪ್ಪತ್ತೊಂದು. ಮಂಡಿ ಸೋತಿದೆ. ಅವರದು ಒಂದೇ ಮಾತು: "ಜನವರಿಯ ಉತ್ಸವದಲ್ಲಿ ನೀನು ನೆಟ್ಟಗೆ ನಿಂತರೆ ಕೋಲ ನಿನ್ನದು. ಇಲ್ಲದಿದ್ರೆ ಪಯ್ಯನ್ನೂರಿನ ದಾಯಾದಿಗಳಿಗೆ ಕೊಟ್ಟುಬಿಡ್ತೇನೆ. ಹೋದದ್ದು ತಿರುಗಿ ನಮ್ಮ ಮನೆಗೆ ಬರುವುದಿಲ್ಲ, ನೆನಪಿರ್ಲಿ."

ಒಂದು ಗೆರೆ ಅಂದದ್ದು, ಪುಟ ತುಂಬಿತು.

ಸೆಪ್ಟೆಂಬರ್ 15

ಔತಕುಟ್ಟಿ ಕರೆದ ಅಂತ ಕುಡಿತ ಬಿಟ್ಟವರ ಕೂಟಕ್ಕೆ ಹೋಗಿದ್ದೆ. ಇಗರ್ಜಿ ಶಾಲೆಯ ಐದನೇ ಕ್ಲಾಸಿನ ಕೋಣೆ. ಮಕ್ಕಳ ಬೆಂಚಿನ ಮೇಲೆ ಮಂಡಿ ಗದ್ದಕ್ಕೆ ತಾಗುವಂತೆ ಕೂತ ಹನ್ನೊಂದು ಗಂಡಸರು, ಒಬ್ಬಳು ನರ್ಸ್. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ "ನಾನು ಕುಡುಕ" ಅನ್ನುವುದು. ಉಳಿದವರು ಮದುವೆಮನೆಗೆ ಬಂದವನನ್ನು ಕರೆಯುವ ಹಾಗೆ "ಬನ್ನಿ, ಬನ್ನಿ" ಅನ್ನುವುದು. ನನ್ನ ಸರದಿ ಬಂದಾಗ "ನಾನು ರಾಜೀವನ್, ಪೈಂಟರ್" ಅಂದು ಕೂತೆ. ಯಾರೂ ಏನೂ ಅನ್ನಲಿಲ್ಲ. ಅದಕ್ಕೇ ಸಿಟ್ಟು ಬಂತು.

ಅಲ್ಲಿನ ಚಹಾ, ಪಾತ್ರೆ ತೊಳೆದ ನೀರಿನ ಹಾಗಿತ್ತು. ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಸೆಪ್ಟೆಂಬರ್ 18

ಹೋದೆ. ಮನೆಯಲ್ಲಿ ಕೂತು ಮಾಡುವುದೇನು. ಚಹಾ ಇವತ್ತೂ ಹಾಗೇ.

ಅಕ್ಟೋಬರ್ 6

ನಮಗಿಂತ ದೊಡ್ಡದೊಂದು ಶಕ್ತಿಗೆ ನಮ್ಮನ್ನು ಒಪ್ಪಿಸಿಬಿಡಬೇಕಂತೆ. ಯಾವ ದೇವರಾದರೂ ಆದೀತು, ದೇವರೇ ಬೇಡ ಅನ್ನುವವನಿಗೆ ಈ ಕೂಟವೇ ಸಾಕು. ಔತಕುಟ್ಟಿ ನನ್ನ ಕಡೆ ತಿರುಗಿ ಕೇಳಿದ: "ನೀನು ಯಾರಿಗೆ ಒಪ್ಪಿಸ್ತಿ?"

"ನಮ್ಮ ಮನೆದೇವರು ಮುತ್ತಪ್ಪನಿಗೆ" ಅಂದೆ.

ಹಿಂದಿನ ಬೆಂಚಿನಿಂದ ಒಬ್ಬ ಕಿಸಕ್ಕನೆ ನಕ್ಕ. ನಗದೆ ಏನು ಮಾಡುತ್ತಾನೆ? ಕಣ್ಣೂರಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಮುತ್ತಪ್ಪನಿಗೆ ಕಳ್ಳೇ ನೈವೇದ್ಯ. ಜನರ ಎದುರೇ ಕುಡಿಯುವ ದೇವರು ಅವನು. ನನ್ನನ್ನು ಕುಡಿತದಿಂದ ಬಿಡಿಸು ಅಂತ ಅವನ ಹತ್ತಿರ ಕೇಳುವುದು, ಇಲಿ ಓಡಿಸು ಅಂತ ಗಣಪತಿಗೆ ಹೇಳಿದ ಹಾಗೆ.

ಔತಕುಟ್ಟಿ ನಗಲಿಲ್ಲ. "ನನ್ನ ಕಥೆ ಕೇಳು. ನಮ್ಮ ಕರ್ತ ಮದುವೆಮನೆಯಲ್ಲಿ ಆರು ಬಾನಿ ನೀರನ್ನು ವೈನ್ ಮಾಡಿದವ. ನಾನು ಎಲ್ಲಿಗೆ ಹೋಗ್ಲಿ ಹೇಳು?"

ಆಗ ನಾನೂ ನಕ್ಕೆ. ಬಹಳ ದಿನದ ಮೇಲೆ ಕೆನ್ನೆ ನೋಯುವಷ್ಟು ನಕ್ಕೆ.

ಅಕ್ಟೋಬರ್ 27

ತುಲಾಂ ಮಾಸದ ಹತ್ತು. ಕೋಲಗಳ ಕಾಲ ಶುರು. ಬೆಳಿಗ್ಗೆ ಮಾವನ ಜಗಲಿಯಲ್ಲಿ ದೀಪ ಹಚ್ಚಿ ಮುತ್ತಪ್ಪನ ಕಥೆಯ ಹಾಡು ತೋಟ್ಟಂ ಹಾಡಿದೆವು. ಚಂದನ್‌ನ ಭಾಗ ಬಂದಾಗ ಮಾವ ಯಾವತ್ತಿನಂತೆ ಕಣ್ಣು ಮುಚ್ಚಿಕೊಂಡರು. ಚಂದನ್ ಕಳ್ಳು ಇಳಿಸುವವನು. ತನ್ನ ಮರದ ಕಳ್ಳು ದಿನಾ ಖಾಲಿಯಾಗುತ್ತದೆಂದು ಕಾದು ಕೂತ. ಮರದ ತುದಿಯಲ್ಲಿ ಕುಡಿಯುತ್ತಿದ್ದ ಮುದುಕನಿಗೆ ಬಾಣ ಹೂಡಿದ, ತಾನೇ ಅಲ್ಲಿ ಕಲ್ಲಾಗಿ ಬಿದ್ದ. ಆ ಮುದುಕನೇ ಮುತ್ತಪ್ಪ. ಚಂದನ್‌ನ ಹೆಂಡತಿ ಬಂದು ಅತ್ತು ಕರೆದಳು. ಗಂಡನಿಗೆ ಜೀವ ಬಂತು. ಅವಳು ಬೇಯಿಸಿದ ಹೆಸರುಕಾಳು, ತೆಂಗಿನ ಹೋಳು, ಸುಟ್ಟ ಒಣಮೀನು, ಕಳ್ಳು ತಂದು ದೇವರ ಮುಂದಿಟ್ಟಳು. ನೂರು ಸಲ ಹಾಡಿದ್ದೇನೆ. ನನ್ನ ಗಮನ ಕೊನೆಯ ಐಟಂ ಮೇಲೇ ಇರುತ್ತಿತ್ತು.

ನಲವತ್ತೇಳನೇ ದಿನ. ಶಿಖ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಸೊನ್ನೆ ಸುತ್ತುತ್ತಾಳೆ. ನನಗೆ ಕಾಣದ ಹಾಗೆ ಸುತ್ತುತ್ತೇನೆ ಅಂದುಕೊಂಡಿದ್ದಾಳೆ.

ನವೆಂಬರ್ 9

ಮೊದಲೇ ಬರೆದುಬಿಡುತ್ತೇನೆ. ನಾನು ಕುಡಿದಿಲ್ಲ.

ತಳಿಪರಂಬದ ಹತ್ತಿರ ಒಂದು ಮನೆಯಲ್ಲಿ ಹರಕೆಯ ಕೋಲ ಇತ್ತು. ನನ್ನನ್ನು ಪರೀಕ್ಷೆ ಮಾಡಲೆಂದೇ ಮಾವ ಕಳಿಸಿದ್ದು. ಮುಖಕ್ಕೆ ಬಣ್ಣ ಬರೆದು, ಮುಡಿ ಇಟ್ಟು, ಕೈಗನ್ನಡಿಯಲ್ಲಿ ಮುಖ ನೋಡಿದ ಮೇಲೆ ಈ ಮೈ ನಮ್ಮದಲ್ಲ. ಮುಡಿ ಇಳಿಸುವವರೆಗೆ ನಾನು ನಾನಲ್ಲ. ಇದು ನಾನು ಹೇಳಿದ್ದಲ್ಲ, ತಲೆತಲಾಂತರದಿಂದ ಬಂದದ್ದು. ಮಡಯನ್, ಅಂದರೆ ನೈವೇದ್ಯ ನೀಡುವವನು, ಚೊಂಬಿನಲ್ಲಿ ಕಳ್ಳು ಕೊಟ್ಟ. ಮುತ್ತಪ್ಪ ಕುಡಿದ. ಜನ ಕೈಮುಗಿದರು. ಇದರಲ್ಲಿ ನನ್ನದೇನು ಬಂತು?

ಐದೂವರೆಗೆ ಕುಣಿತ ಮುಗಿಯಿತು. ಮುಡಿಯ ದಾರ ಬಿಚ್ಚಲು ಬಂದವರನ್ನು ಕೈಸನ್ನೆಯಲ್ಲೇ ತಡೆದೆ. ಬಣ್ಣ ಹಚ್ಚುವ ಚಪ್ಪರದಲ್ಲಿ ಕೂತು ಇನ್ನೊಂದು ಚೊಂಬು ತರಿಸಿದೆ. ಆಮೇಲೆ ಮತ್ತೊಂದು. ಮುಡಿ ತಲೆಯ ಮೇಲೇ ಇತ್ತು, ಹಾಗಾಗಿ ಅದೂ ದೇವರದೇ. ಏಳು ಗಂಟೆಗೆ ಇಳಿಸಿದೆ. ಇಳಿಸಿದ ಮೇಲೆ ಒಂದು ಹನಿ ಮುಟ್ಟಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಅರವತ್ತನೇ ದಿನ. ಲೆಕ್ಕ ತಪ್ಪಿಲ್ಲ. ಉಳಿದದ್ದನ್ನು ಕ್ಯಾನಿನಲ್ಲಿ ಮನೆಗೆ ತಂದಿದ್ದೇನೆ. ಪ್ರಸಾದ, ಚೆಲ್ಲಬಾರದು.

ನವೆಂಬರ್ 11

ಪ್ರಸಾದ ಹುಳಿ ಬಂದಿದೆ. ಆದರೂ ಪ್ರಸಾದ.

ನವೆಂಬರ್ 12

ಕ್ಯಾಲೆಂಡರಿನಲ್ಲಿ ಎಂಟನೇ ತಾರೀಕಿನ ನಂತರ ಸೊನ್ನೆ ಇಲ್ಲ. ಶಿಖಳನ್ನು ಕೇಳಲಿಲ್ಲ. ಕ್ಯಾನ್ ಖಾಲಿ.

ನವೆಂಬರ್ 13

ಕೂಟದಲ್ಲಿ ಎದ್ದು ನಿಂತು ಕಾನೂನು ಕೇಳಿದೆ. ದೇವರು ಕುಡಿದರೆ ಅದು ನನ್ನ ದಿನದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ವಕೀಲನ ಹಾಗೆ ಎಲ್ಲ ಬಿಡಿಸಿ ಹೇಳಿದೆ. ಮುಡಿಯ ವಿಷಯ, ಕನ್ನಡಿಯ ವಿಷಯ, ಪ್ರಸಾದ ಚೆಲ್ಲಬಾರದ ವಿಷಯ. ಹೇಳುತ್ತಾ ಹೇಳುತ್ತಾ ನನಗೇ ಬಹಳ ಸರಿ ಅನ್ನಿಸಿತು.

ಔತಕುಟ್ಟಿ ಚೇಟ್ಟ, ಅಂದರೆ ಅಣ್ಣ, ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡರು. "ದೇವರು ಎಷ್ಟು ಕುಡಿದ?"

"ಮೂರು ಚೊಂಬು. ನಾಲ್ಕು ಇರಬಹುದು."

"ಆಗ್ಲಿ, ದೇವರು ದೊಡ್ಡವ. ಬೆಳಿಗ್ಗೆ ತಲೆನೋವು ಯಾರಿಗೆ ಬಂತು?"

ಯಾರೂ ನಗಲಿಲ್ಲ. ಹತ್ತನೇ ತಾರೀಕು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಕೂತು ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದವನು ಮುತ್ತಪ್ಪನಲ್ಲ. ವಾಂತಿ ಒರೆಸಿದ ಷೀಜ ಮುತ್ತಪ್ಪನ ಹೆಂಡತಿಯೂ ಅಲ್ಲ.

"ಕುಡಿದದ್ದು ಅವನು, ತಲೆನೋವು ನಿನಗೆ. ಎಂಥ ಅನ್ಯಾಯದ ದೇವರು ಮಾರಾಯ ಅವನು!" ಅಂದರು ಚೇಟ್ಟ. "ಅಲ್ಲ, ಅವನ ಮೇಲೆ ಸುಮ್ಮನೆ ಅಪವಾದ ಹೊರಿಸ್ತಿದ್ದೀಯೋ, ನೋಡು."

ಅಳು ಬಂತು. ದೇವರ ತಲೆಯ ಮೇಲೆ ಗೂಬೆ ಕೂರಿಸಿದೆನಲ್ಲ ಅಂತ ನಾಚಿಕೆಯಾಯಿತು. ಎದ್ದು ನಿಂತೆ. "ನಾನು ರಾಜೀವನ್. ನಾನು ಕುಡುಕ." ಹನ್ನೆರಡೂ ಜನ "ಬನ್ನಿ, ಬನ್ನಿ" ಅಂದರು.

ನವೆಂಬರ್ 14

ಒಂದನೇ ದಿನ. ಮತ್ತೆ.

ನವೆಂಬರ್ 24

ಆ ಚಹಾ ಕುಡಿಯಲಾರದೆ, ಇವತ್ತು ಒಂದು ಗಂಟೆ ಮುಂಚೆ ಹೋಗಿ ನಾನೇ ಇಟ್ಟೆ. ಶುಂಠಿ ಜಜ್ಜಿ ಹಾಕಿದೆ. ನರ್ಸ್ ಲಿಸ್ಸಿ ಎರಡು ಸಲ ಹಾಕಿಸಿಕೊಂಡರು. ಈಗ ಕೋಣೆಯ ಬೀಗದಕೈ ನನ್ನ ಹತ್ತಿರವೇ ಉಂಟು. ಚಹಾ ಮಾಡುವವನ ಕೈಯಲ್ಲೇ ಇರಲಿ ಅಂದರು ನಮ್ಮವರು. ಎಂಥ ಸೋಮಾರಿಗಳು.

ಹೊಸಬ ಒಬ್ಬ ಬಂದಿದ್ದ, ಮೀನುಲಾರಿ ಡ್ರೈವರ್. ಕೈ ನಡುಗಿ ಚಹಾ ಚೆಲ್ಲಿಕೊಂಡ. ಅವನ ಲೋಟಕ್ಕೆ ಅರ್ಧ ಮಾತ್ರ ಹಾಕಿ ಕೊಟ್ಟೆ. ಅರ್ಧ ಲೋಟ ಚೆಲ್ಲುವುದಿಲ್ಲ, ನನಗೆ ಗೊತ್ತಲ್ಲ.

ಡಿಸೆಂಬರ್ 8

ಮಾವನ ಹತ್ತಿರ ಹೋಗಿ ಧೈರ್ಯ ಮಾಡಿ ಕೇಳಿದೆ. ಉತ್ಸವಕ್ಕೆ ಚೊಂಬಿನಲ್ಲಿ ಕಳ್ಳಿನ ಬದಲು ಎಳನೀರು ಇಡಲು ಹೇಳಬಹುದೇ? ಎರಡೂ ತೆಂಗಿನದೇ, ಯಾರಿಗೆ ತಿಳಿಯುತ್ತದೆ?

ಮಾವ ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ದೇವರಿಗೆ ಬಡಿಸುವುದು ಊರಿನವರ ಹಕ್ಕು. ಅದರಲ್ಲಿ ಕೈ ಹಾಕ್ಲಿಕ್ಕೆ ನೀನು ಯಾರು? ಮುತ್ತಪ್ಪನಿಗೇ ಕಣ್ಣುಕಟ್ಟು ಮಾಡ್ತೀಯಾ?"

"ಮತ್ತೆ ನಾನು ಏನು ಮಾಡ್ಲಿ ಮಾವಾ? ಒಂದು ಗುಟುಕು ಒಳಗೆ ಹೋದ್ರೆ ನನಗೆ ನಿಲ್ಲುವುದಿಲ್ಲ."

"ಐವತ್ತು ವರ್ಷ ಕೋಲ ಕಟ್ಟಿದವ ನಾನು. ಮೂರು ಗುಟುಕಿಗಿಂತ ಹೆಚ್ಚು ದೇವರು ಯಾವತ್ತೂ ಕೇಳಿದ್ದಿಲ್ಲ. ಉಳಿದದ್ದೆಲ್ಲ ಕೇಳಿದ್ದು ನೀನು."

"ನನಗೆ ಆ ಮೂರೂ ಆಗುವುದಿಲ್ಲ."

ಮಾವ ಸುಣ್ಣ ಹಚ್ಚಿದ ಎಲೆಯನ್ನು ಬಾಯಿಗಿಡದೆ ತಟ್ಟೆಗೆ ಹಾಕಿದರು. ಸಿಟ್ಟಲ್ಲ, ಭಯ. ನಾನು ಕಟ್ಟದಿದ್ದರೆ ಅವರ ಕಣ್ಣೆದುರೇ ಮುಡಿ ಬೇರೆ ಮನೆಗೆ ಹೋಗುತ್ತದೆ. ಕಟ್ಟಿ ಕುಡಿದರೆ ನಾನು ಹೋಗುತ್ತೇನೆ. ಅವರಿಗೂ ಅದು ಗೊತ್ತು. ಕೊನೆಗೆ "ಅವನ ಹತ್ರವೇ ಕೇಳು, ನನ್ನ ತಲೆ ತಿನ್ನಬೇಡ" ಅಂದರು. ಹೊರಡುವಾಗ ಅವರ ಮಂಡಿಗೆ ಎಣ್ಣೆ ತಿಕ್ಕಿ ಬಂದೆ. ಹಿಂದೆ ಯಾವತ್ತು ತಿಕ್ಕಿದ್ದೆನೋ ನೆನಪಿಲ್ಲ.

ಡಿಸೆಂಬರ್ 19

ಔತಕುಟ್ಟಿ ಚೇಟ್ಟ ಒಂದು ಗೋಣಿ ಮರಗೆಣಸು ಹೊತ್ತುಕೊಂಡು ಮನೆಗೇ ಬಂದರು. ಕೋಲ ಕಟ್ಟಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ.

"ನಾನು ಪ್ರತಿ ಭಾನುವಾರ ಇಗರ್ಜಿಗೆ ಪೂಜೆಗೆ ಹೋಗ್ತೇನೆ. ಎಲ್ಲರಿಗೂ ಪಾದ್ರಿಯವರು ರೊಟ್ಟಿಯನ್ನು ವೈನಿನಲ್ಲಿ ಅದ್ದಿ ಕೊಡ್ತಾರೆ. ಹದಿನೇಳು ವರ್ಷದಿಂದ ನನಗೆ ಅದ್ದದೆ ಕೊಡ್ತಾರೆ. ಮೊದಲ ಸಲ ಹಾಗೆ ಕೇಳ್ಲಿಕ್ಕೆ ನನಗೆ ಒಂದು ವರ್ಷ ಬೇಕಾಯ್ತು. ಕರ್ತನಿಗೆ ಬೇಜಾರಾದೀತು ಅಂತ ಹೆದರಿಕೆ. ಅವನಿಗೆ ಬೇಜಾರೇ ಇರ್ಲಿಲ್ಲ. ಇದ್ದದ್ದು ನನ್ನ ಪಕ್ಕದಲ್ಲಿ ನಿಂತವನಿಗೆ."

"ನನಗೂ ಹಾಗೊಂದು ದಾರಿ ಹೇಳಿಕೊಡಿ ಚೇಟ್ಟಾ."

"ನನ್ನ ಚಪ್ಪಲಿ ನಿನ್ನ ಕಾಲಿಗೆ ಆಗ್ಲಿಕ್ಕಿಲ್ಲ. ನಿನ್ನದು ನೀನೇ ಹುಡುಕು. ನಾನು ಹಿಂದೆ ನಿಂತಿರ್ತೇನೆ, ಬಿಳಿ ಅಂಗಿ ಹಾಕಿಕೊಂಡು. ಅಷ್ಟೇ ನನ್ನಿಂದ ಆಗುವುದು."

ಷೀಜ ಅವರಿಗೆ ಗೆಣಸು ಬೇಯಿಸಿ ಮೀನಿನ ಸಾರು ಬಡಿಸಿದಳು. "ಇನ್ನೂ ಸ್ವಲ್ಪ ಹಾಕಿಕೊಳ್ಳಿ" ಅಂತ ಮೂರು ಸಲ ಹೇಳಿದಳು. ಆ ದನಿ ಕೇಳುತ್ತಾ ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಹೊಟ್ಟೆಕಿಚ್ಚಾಯಿತು.

ಜನವರಿ 9

ಉತ್ಸವದ ಕೋಲಕ್ಕೆ ಹಿಡಿದ ವ್ರತದ ಮೂರನೇ ದಿನ. ದಿನಾ ಬೆಳಗ್ಗೆ ಬಾವಿಯ ಹತ್ತಿರ ಒಂದೇ ಮಾತು ಹೇಳುತ್ತೇನೆ: ಮುತ್ತಪ್ಪಾ, ನನಗೆ ತಿಳಿಯುತ್ತಿಲ್ಲ, ನೀನೇ ನೋಡಿಕೋ. ಮೊದಲೆಲ್ಲ ಉದ್ದುದ್ದ ಕೇಳುತ್ತಿದ್ದೆ. ಈಗ ಇಷ್ಟೇ. ಮೀನುಲಾರಿಯವನು ಎರಡು ವಾರದಿಂದ ಚಹಾ ಚೆಲ್ಲಿಲ್ಲ. ಇವತ್ತು ಅವನಿಗೆ ಲೋಟ ತುಂಬ ಹಾಕಿದೆ.

ಜನವರಿ 11

ಇದನ್ನು ಪೂರ್ತಿ ಬರೆಯದೆ ಮಲಗಬಾರದು.

ಮಧ್ಯಾಹ್ನ ಮೂರಕ್ಕೆ ಮುಖ ಬರೆಯಲು ಮಲಗಿದೆ. ಮಾವ ತಾವೇ ಕೂತು ಬರೆದರು. ಅವರ ಬೆರಳು ಹುಬ್ಬಿನ ಮೇಲೆ ಬಂದಾಗ ಸ್ವಲ್ಪ ನಡುಗಿತು. ನನ್ನದು ನಡುಗಲಿಲ್ಲ. ಮುಡಿ ಕಟ್ಟಿ ಕನ್ನಡಿ ಕೊಟ್ಟರು. ಮುಂಚೆಯೂ ನೋಡಿದ್ದೇನೆ, ಎಷ್ಟೋ ವರ್ಷದಿಂದ. ಆದರೆ ಯಾವಾಗಲೂ ಕಣ್ಣು ಕೆಂಪಾಗಿರುತ್ತಿತ್ತು. ಇವತ್ತು ಕನ್ನಡಿಯೊಳಗಿನ ಕಣ್ಣು ಸ್ವಚ್ಛವಾಗಿತ್ತು, ಅದು ನನ್ನನ್ನು ನೋಡಿತು. ಮೈ ಜುಮ್ಮೆಂದಿತು. ಕುಡಿಯದೆಯೂ ಅವನು ಬರುತ್ತಾನೋ ಅನ್ನುವುದು ನನ್ನ ಒಳಗಿನ ದೊಡ್ಡ ಹೆದರಿಕೆಯಾಗಿತ್ತು. ಯಾರಿಗೂ ಹೇಳಿರಲಿಲ್ಲ, ಇಲ್ಲಿಯೂ ಬರೆದಿರಲಿಲ್ಲ. ಬಂದ.

ಚೆಂಡೆ ಶುರುವಾಯಿತು. ಅಂಗಳ ತುಂಬ ಜನ. ಏಪ್ರಿಲ್‌ನಲ್ಲಿ ಬಿದ್ದವನು ಇವನೇ ಅಂತ ನೋಡಲೆಂದೇ ಬಂದವರು ಎಷ್ಟೋ. ಎಲ್ಲರಿಗಿಂತ ಹಿಂದೆ, ಹಲಸಿನ ಮರದ ಕೆಳಗೆ ಬಿಳಿ ಅಂಗಿ. ಪಕ್ಕದಲ್ಲಿ ನರ್ಸ್ ಲಿಸ್ಸಿ, ಮೀನುಲಾರಿಯವನು, ಐದನೇ ಕ್ಲಾಸಿನ ಬೆಂಚುಗಳ ನಮ್ಮವರೆಲ್ಲ. ಬರುತ್ತೇವೆ ಅಂತ ಒಬ್ಬರೂ ಹೇಳಿರಲಿಲ್ಲ.

ಕುಣಿತದ ನಂತರ ಮಡಯನ್ ನೈವೇದ್ಯ ತಂದ. ಬಾಳೆ ಎಲೆಯಲ್ಲಿ ಹೆಸರುಕಾಳು, ತೆಂಗಿನ ಹೋಳು, ಒಣಮೀನು. ಚೊಂಬಿನ ತುಂಬ ನೊರೆ ಕಳ್ಳು. ವಾಸನೆ ಮೂಗಿಗೆ ಬಡಿದ ಕೂಡಲೇ ಬಾಯಲ್ಲಿ ನೀರೂರಿತು. ಸುಳ್ಳು ಬರೆಯುವುದಿಲ್ಲ, ಊರಿತು. ಚೊಂಬು ಕೈಗೆ ತೆಗೆದುಕೊಂಡೆ. ಮಾವ ಪೀಠದಿಂದ ಅರ್ಧ ಎದ್ದರು.

ಆಮೇಲಿನದು ಹೇಗೆ ಬರೆಯಲಿ? ನನ್ನ ಬಾಯಿ ಮಾತಾಡಿತು. "ಮಡಯಾ, ಇದು ಯಾರು ಕೊಟ್ಟದ್ದು?"

"ಊರಿನವರು ಮುತ್ತಪ್ಪಾ."

"ಮೊದಲು ಕೊಟ್ಟದ್ದು ಯಾರು?"

ಮಡಯನ್ ತಡವರಿಸಿದ. "ಚಂದನ್‌ನ ಹೆಂಡತಿ."

"ಯಾಕೆ ಕೊಟ್ಟಳು? ಕಲ್ಲಾಗಿದ್ದ ಗಂಡ ಎದ್ದು ಮನೆಗೆ ಬಂದ ಅಂತ ಕೊಟ್ಟಳು. ಗಂಡನ್ನ ಕಲ್ಲು ಮಾಡ್ಲಿ ಅಂತ ಅಲ್ಲ. ಈ ಊರಿನಲ್ಲಿ ಕಲ್ಲಾದ ಗಂಡಂದಿರು ಎಷ್ಟು ಮಂದಿ ಇದ್ದಾರೆ, ನನಗೆ ಗೊತ್ತುಂಟು. ಅವರೆಲ್ಲ ಎದ್ದು ಮನೆಗೆ ಹೋಗುವವರೆಗೆ ಈ ಮೈಯಲ್ಲಿ ನಾನು ಇದನ್ನ ಕುಡಿಯುವುದಿಲ್ಲ. ನಿಮ್ಮ ಕಾಣಿಕೆ ನನಗೆ ಸಂದಿತು. ಭೂಮಿ ಕುಡೀಲಿ. ನನಗೆ ಅವಳು ಬೇಯಿಸಿದ ಕಾಳು ಸಾಕು."

ಚೊಂಬು ಬಾಗಿತು. ಕಳ್ಳು ಮಣ್ಣಿಗೆ ಬಿದ್ದು ನೊರೆಯಾಗಿ ಇಂಗಿತು. ಎಲೆಯಿಂದ ಒಂದು ಹಿಡಿ ಕಾಳು ಮೊದಲು ಬಾಗಿಲಲ್ಲಿದ್ದ ಮುತ್ತಪ್ಪನ ನಾಯಿಗೆ, ಆಮೇಲೆ ನನ್ನ ಬಾಯಿಗೆ. ದೇವರ ಮಾತಿಗೆ ಎದುರಾಡುವವರು ಯಾರು? ಮಡಯನ್ ಮೊದಲು ಕೈಮುಗಿದ. ಆಮೇಲೆ ಹೆಂಗಸರ ಕಡೆಯಿಂದ "ಮುತ್ತಪ್ಪಾ!" ಅನ್ನುವ ಕೂಗು ಎದ್ದು, ಅಂಗಳವೆಲ್ಲ ಹಬ್ಬಿ, ಚೆಂಡೆಯನ್ನೂ ಮುಳುಗಿಸಿತು. ಅಂಥ ಕೂಗು ಈ ಮಡಪ್ಪುರದಲ್ಲಿ ನಾನು ಕೇಳಿಲ್ಲ.

ಕಷ್ಟ ಹೇಳಿಕೊಳ್ಳುವ ಸಾಲು ಶುರುವಾಯಿತು. ಏಪ್ರಿಲ್‌ನ ಅದೇ ಅಜ್ಜಿ ಬಂದು ಕೈ ಚಾಚಿ, "ಈ ಸಲ ಬೀಳಬೇಡಪ್ಪಾ" ಅಂದಳು. ದೇವರು ನಕ್ಕ. ಅವಳು ಪೂರ್ತಿ ಹೇಳಿ ಮುಗಿಸುವವರೆಗೆ ಕೇಳಿದ. ನಡುವೆ ಬಾಯಿ ಹಾಕದೆ ಕೇಳುವುದನ್ನು ನಾನು ಎಲ್ಲಿ ಕಲಿತೆನೋ.

ಹನ್ನೊಂದನೆಯವಳು ಷೀಜ.

ಮದುವೆಯಾದ ಹದಿನಾರು ವರ್ಷದಲ್ಲಿ ಅವಳು ಆ ಸಾಲಿನಲ್ಲಿ ನಿಂತದ್ದಿಲ್ಲ. ಕೈಯಲ್ಲಿ ಕಾಳಿನ ಪಾತ್ರೆಯ ಮಸಿ. ಬೆಳಿಗ್ಗೆಯಿಂದ ಹೆಂಗಸರೊಡನೆ ಕಾಳು ಬೇಯಿಸುತ್ತಿದ್ದದ್ದು ಅವಳೇ ಅಂತ ಆಗ ತಿಳಿಯಿತು. ಕೈ ನೀಡಿದಳು, ಹಿಡಿದುಕೊಂಡೆ. ಒಂಬತ್ತು ತಿಂಗಳಾಗಿತ್ತು ಆ ಕೈ ಮುಟ್ಟಿ.

"ಹೇಳು ಮಗಳೇ" ಅಂದ ದೇವರು.

"ನಿನಗೆ ಗೊತ್ತಿಲ್ಲದ್ದು ಏನುಂಟು? ಚಂದನ್‌ನ ಹೆಂಡತಿ ಕೇಳಿದ್ದನ್ನೇ ನಾನೂ ಕೇಳ್ತೇನೆ. ಅವರು ಬಿದ್ದ ದಿನ ನನ್ನ ಮರ್ಯಾದೆ ಹೋಯ್ತು ಅಂತ ನಾನು ಮಾತು ಬಿಟ್ಟದ್ದಲ್ಲ. ಸತ್ತೇ ಹೋದ್ರು ಅಂತ ಹೆದರಿದೆ. ಮತ್ತೆ ಮಾತಾಡಿದ್ರೆ ಅಳು ಬರ್ತದೆ ಅಂತ ಸುಮ್ಮನಾದೆ. ಅವರಿಗೆ ಇದನ್ನ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ. ನೀನೇ ಹೇಳು."

ಗಂಡನಾಗಿ ಅಳುವ ಹಾಗಿಲ್ಲ, ಮುಖದ ಬಣ್ಣ ಕರಗುತ್ತದೆ. ಕೊನೆಗೆ ಮುತ್ತಪ್ಪನೇ ನನ್ನ ಬದಲು ಮಾತಾಡಿದ. "ಹೇಳ್ತೇನೆ. ಕಲ್ಲು ಕರಗಿದ ಹಾಗೆ ಕಾಣ್ತದಾ?"

ಅವಳು ಬಣ್ಣದ ಮುಖವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಕಣ್ಣು ಕರಗಿದೆ. ಮುಖ ತೊಳೆದ ಮೇಲೆ ಉಳಿದದ್ದು ನೋಡ್ತೇನೆ" ಅಂದಳು. ಸುತ್ತ ನಿಂತ ಹೆಂಗಸರೆಲ್ಲ ನಕ್ಕರು, ದೇವರೂ ನಕ್ಕ. ತುಳಸಿ ಎಲೆ ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದೆ.

ಕೋಲ ಮುಗಿದ ಮರುಕ್ಷಣವೇ ಮುಡಿ ಇಳಿಸಲು ತಲೆ ಬಾಗಿಸಿದೆ. ಮಾವ ದಾರ ಬಿಚ್ಚುತ್ತಾ ಕಿವಿಯ ಹತ್ತಿರ ಕೇಳಿದರು: "ಆ ಮಾತು ನಮ್ಮ ತೋಟ್ಟಂನಲ್ಲಿ ಇಲ್ಲ. ಎಲ್ಲಿಂದ ಬಂತು? ನೀನು ಮೊದಲೇ ಕಟ್ಟಿಕೊಂಡು ಬಂದದ್ದಾ?"

"ಗೊತ್ತಿಲ್ಲ ಮಾವಾ. ದೇವರಾಣೆ ಗೊತ್ತಿಲ್ಲ."

"ಗೊತ್ತುಂಟು ಅಂದಿದ್ರೆ ಕಪಾಳಕ್ಕೆ ಬಿಡ್ತಿದ್ದೆ." ಮುಡಿಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅದನ್ನು ತಮ್ಮ ಪೆಟ್ಟಿಗೆಯಲ್ಲಿ ಇಡಲಿಲ್ಲ, ನನ್ನ ಮಡಿಲಲ್ಲಿಟ್ಟರು. "ತಗೊಂಡು ಹೋಗು. ಇನ್ನು ನಿನ್ನ ಮನೆಯಲ್ಲೇ ಇರ್ಲಿ."

ಜನವರಿ 12

"ಚಹಾ ಆರ್ತಾ ಉಂಟು" ಅಂದಳು ಷೀಜ. ಶಿಖ ಅಡುಗೆಮನೆಯಿಂದ, "ಅಪ್ಪಾ, ಚಹಾ..." ಅಂತ ಶುರು ಮಾಡಿದವಳು ಅಲ್ಲೇ ನಿಲ್ಲಿಸಿದಳು. ಅಮ್ಮ ನನ್ನ ಮುಖ ನೋಡಿಯೇ ಹೇಳಿದ್ದು ಅಂತ ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ನಾನು ಕೇಳಿದೆ: "ನಿನ್ನೆ ಮುತ್ತಪ್ಪನ ಹತ್ರ ಏನು ಕೇಳಿಕೊಂಡದ್ದು?"

"ದೇವರಿಗೆ ಹೇಳಿದ್ದು ನಿಮಗೆ ಯಾಕೆ?" ಅಂದಳು. ಆದರೆ ಎದ್ದು ಹೋಗಲಿಲ್ಲ. ಅಲ್ಲೇ ಕೂತು ತನ್ನ ಲೋಟ ಖಾಲಿ ಮಾಡಿದಳು.

ಔತಕುಟ್ಟಿ ಚೇಟ್ಟ ಫೋನ್ ಮಾಡಿದರು. "ಅರವತ್ತು!" ಅಂದರು.

"ಏನು ಅರವತ್ತು?"

"ಇವತ್ತಿಗೆ ಅರವತ್ತು ದಿನ ಮಾರಾಯ. ಲೆಕ್ಕ ಮರೆತೆಯಾ?" ನಿಜ, ಮರೆತಿದ್ದೆ. ಎದ್ದು ಹೋಗಿ ಕ್ಯಾಲೆಂಡರ್ ನೋಡಿದರೆ ಸೊನ್ನೆಗಳು ನವೆಂಬರ್ ಹದಿನಾಲ್ಕರಿಂದ ಒಂದೂ ತಪ್ಪದೆ ಸಾಲಾಗಿ ಕೂತಿವೆ. "ಸಂಜೆ ಬೇಗ ಬಾ, ಚಹಾ ಜಾಸ್ತಿ ಇಡಬೇಕು. ನಿನ್ನೆ ಅಂಗಳದಲ್ಲಿ ಇದ್ದವರಲ್ಲಿ ನಾಲ್ಕು ಮಂದಿ ಕೂಟ ಎಲ್ಲಿ ಅಂತ ಕೇಳಿದ್ದಾರೆ. ಅದಿರ್ಲಿ, ತಲೆ ಹೇಗುಂಟು?"

"ಯಾರದ್ದು?"

"ಇಬ್ಬರದ್ದೂ."

ಮೇಜಿನ ಮೇಲೆ, ಬಿಳಿ ಬಟ್ಟೆ ಹೊದ್ದುಕೊಂಡು ಮುಡಿ ಕೂತಿತ್ತು. ಕಿಟಕಿಯ ಬಿಸಿಲು ಅದರ ಮೇಲೂ ಬಿದ್ದಿತ್ತು, ನನ್ನ ಮೇಲೂ.

"ಇಬ್ಬರಿಗೂ ನೋವಿಲ್ಲ ಚೇಟ್ಟಾ" ಅಂದೆ.